ಬಂದೂಕು ಇದೆಯೇ ಎಂದು ಕೇಳುವ ಊರು

ಹಾಲ್ಕುರಿಕೆ

ನಾನು ಅಮೆರಿಕಕ್ಕೆ ಹೊರಟಿದ್ದೇನೆಂದು ತಿಳಿದ ಮೇಲೆ ನನಗೆ ಬುದ್ಧಿ ಹೇಳದವರು ನಮ್ಮೂರು ಹಾಲ್ಕುರಿಕೆಯಲ್ಲಿ ಯಾರೂ ಉಳಿಯಲಿಲ್ಲ. ಎರಡೆರಡು ಸ್ವೆಟರ್ ಹಾಕಿಕೊಳ್ಳಿ ಎಂದವರಿದ್ದರು, ಏನನ್ನಾದರೂ ತಿನ್ನುವ ಮೊದಲು ಮೂಸಿ ನೋಡಿ ಎಂದವರೂ ಇದ್ದರು. ಆದರೆ ಹೆಚ್ಚಿನವರ ಚಿಂತೆ ಒಂದೇ ಆಗಿತ್ತು: ಅಲ್ಲಿ ಮನೆಮನೆಯಲ್ಲೂ ಬಂದೂಕು ಇರುತ್ತದಂತೆ.

"ಹುಡುಗ್ರ ಕೈಗೆ ಸಿಗಂಗೆ ಮಡಗ್ತಾರಂತೆ ಕಣೇ. ಅವ್ರೆಂಥ ಅಪ್ಪ-ಅಮ್ಮ ಇರ್ಬೇಕು!" ಎಂದು ನಮ್ಮ ಯಜಮಾನರು ಶಿವಣ್ಣ ನಡುಮನೆಯ ಕುರ್ಚಿಯಲ್ಲಿ ಕುಳಿತು ಮರುಗಿದರು.

ಅವರ ತಲೆಯ ಮೇಲೆ, ನಮ್ಮ ಮಾವನವರ ಪಟಕ್ಕೂ ಸೊಸೈಟಿಯವರು ಕೊಟ್ಟ ಕ್ಯಾಲೆಂಡರಿಗೂ ನಡುವೆ, ಎರಡು ಗೂಟಗಳ ಮೇಲೆ ನಮ್ಮದೇ ಒಂಟಿ ನಳಿಗೆಯ ಬಂದೂಕು ಮಲಗಿತ್ತು. ಅದು ಬೆಳೆ ರಕ್ಷಣೆಯ ಲೈಸೆನ್ಸಿನದು. ತೋಟ ಕಾಯಲು ತೋಟಾ ಎಂದು ಯಜಮಾನರು ತಮಾಷೆ ಮಾಡುವುದುಂಟು. ಹಂದಿಗಳು ಬಂದು ಸಸಿಯ ಬುಡ ಅಗೆಯುತ್ತವೆ, ಮಂಗಗಳು ಎಳನೀರು ಕೀಳುತ್ತವೆ. ಮಂಗನನ್ನು ಕೊಲ್ಲುವಂತಿಲ್ಲ, ಕೊಲ್ಲುವ ಮನಸ್ಸೂ ನಮಗಿಲ್ಲ; ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಮೊದಮೊದಲು ಮಂಗಗಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಈಗ ಯಾರು ಹಾರಿಸಿದ್ದು ಎಂದು ತಿರುಗಿ ನೋಡಿ ಎಳನೀರು ಕುಡಿಯುವುದನ್ನು ಮುಂದುವರಿಸುತ್ತವೆ. ಆ ಬಂದೂಕನ್ನು ನಾನು ಕ್ಯಾಲೆಂಡರ್ ನೋಡುವಷ್ಟೂ ನೋಡುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಏಕಾದಶಿಯಾದರೂ ಇರುತ್ತದೆ.

ನಾನು ಹೊರಟಿದ್ದು ನನ್ನ ಅಕ್ಕನ ಮಗಳು ಸುಮಳ ಮನೆಗೆ. ಅವಳು ಅಲ್ಲಿನ ಒಕ್ಲಹೋಮ ಎಂಬ ಸೀಮೆಯ ಸಣ್ಣ ಊರೊಂದರ ಶಾಲೆಯಲ್ಲಿ ಲೆಕ್ಕದ ಮೇಡಂ. ಅಲ್ಲಿಯ ಹಳ್ಳಿಶಾಲೆಗಳಿಗೆ ಲೆಕ್ಕ ಹೇಳಿಕೊಡುವವರು ಸಿಗದೆ ನಮ್ಮ ಕಡೆಯವರನ್ನು ಕರೆಸಿಕೊಳ್ಳುತ್ತಾರೆ. ಅವಳ ಗಂಡ ವೀಸಾದ ಕೆಲಸಕ್ಕೆಂದು ಭಾರತಕ್ಕೆ ಬಂದವನು ಇಲ್ಲೇ ಸಿಕ್ಕಿಕೊಂಡಿದ್ದ. ಆರು ವರ್ಷದ ಮಗ ಅನಿ ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಅಕ್ಕನಿಗೆ ಮಂಡಿ ನೋವು. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಯಾವ ನೋವೂ ಇಲ್ಲವೆಂದು ಎಲ್ಲರೂ ಸೇರಿ ತೀರ್ಮಾನಿಸಿದರು.

ವಿಮಾನ ನಿಲ್ದಾಣ

ತಿಪಟೂರು ಸೀಮೆಯವರು ಬರಿಗೈಲಿ ನೆಂಟರ ಮನೆಗೆ ಹೋಗುವುದುಂಟೆ? ಪೆಟ್ಟಿಗೆಯ ಒಂದು ಮೂಲೆಗೆ ಉಂಡೆ ಕೊಬ್ಬರಿ ತುಂಬಿದ್ದೆ. ಅಟ್ಟದ ಮೇಲೆ ಹತ್ತಿರಹತ್ತಿರ ಒಂದು ವರ್ಷ ಒಣಗಿದ ಮಾಲು. ಕಂದು ಬಣ್ಣದ ಚೆಂಡು, ಕಲ್ಲಿನಷ್ಟು ಗಟ್ಟಿ. ಅಮೆರಿಕದಲ್ಲಿ ಇಳಿದಾಗ ತಪಾಸಣೆಯ ಯಂತ್ರ ಅದನ್ನು ನೋಡಿ ಏನೆಂದುಕೊಂಡಿತೋ ನನ್ನನ್ನು ಪಕ್ಕಕ್ಕೆ ಕರೆದರು. ಅಧಿಕಾರಿ ಒಂದು ಉಂಡೆಯನ್ನು ಮೇಜಿನ ಮೇಲೆ ಮೆಲ್ಲಗೆ, ಆಗತಾನೆ ಹುಟ್ಟಿದ ಕೂಸನ್ನು ಮಲಗಿಸುವಂತೆ ಇಟ್ಟ.

"ಇದೇನು?"

"ಕೊಬ್ಬರಿ. ತೆಂಗಿನಕಾಯಿ, ಒಣಗಿದ್ದು."

"ಇದರಿಂದ ಏನು ಮಾಡುತ್ತೀರಿ?"

"ಚಟ್ನಿಪುಡಿ," ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಹೊಳೆಯಲಿಲ್ಲ.

ಅವನು ಉಂಡೆಯನ್ನು ತಟ್ಟಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಅವನೂ ತಟ್ಟಿದ. ಇಬ್ಬರ ಸೊಂಟದಲ್ಲೂ ಒಂದೊಂದು ಪಿಸ್ತೂಲು ತೂಗುತ್ತಿತ್ತು. ನಾನು ಅದಕ್ಕೆ ಹೆದರುತ್ತಿದ್ದೆ, ಅವರು ಕೊಬ್ಬರಿಗೆ ಹೆದರುತ್ತಿದ್ದರು. ಕೊನೆಗೆ ಒಂದು ಉಂಡೆ ಒಡೆಸಿ ನೋಡಿ, ಒಳಗೆ ಬಿಳುಪಲ್ಲದೆ ಬೇರೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಿಟ್ಟರು.

ಕೆಂಪು ಮಣ್ಣಿನ ಊರು

ಸುಮಳ ಊರಿನ ಮಣ್ಣು ನಮ್ಮದರಂತೆಯೇ ಕೆಂಪು. ತೆಂಗಿನ ಬದಲು ಪೀಕನ್ ಎಂಬ ಕಾಯಿಯ ತೋಟಗಳು. ಒಡೆದರೆ ಅಕ್ರೋಟಿನ ತಮ್ಮನಂತಿರುತ್ತದೆ. ತೋಟಕ್ಕೆ ಕಾಡುಹಂದಿಯ ಕಾಟವೂ ನಮ್ಮಷ್ಟೇ ಇದೆ ಎಂದು ತಿಳಿದಾಗ ನನಗೆ ತವರು ಕಂಡಂತಾಯಿತು.

ಜನ ಒಳ್ಳೆಯವರು, ಆದರೆ ವಿಚಿತ್ರ. ಎದುರು ಸಿಕ್ಕವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ವಾರ ಅಂಗಡಿಯಲ್ಲಿ ಹಾಗೆ ಕೇಳಿದ ಹೆಂಗಸಿಗೆ ನನ್ನ ಕೆಮ್ಮಿನ ಕಥೆ ಹೇಳತೊಡಗಿದೆ. ಅವಳು ಗಾಬರಿಯಿಂದ ಔಷಧಿಯ ಕಪಾಟಿನತ್ತ ಕೈ ತೋರಿಸಿ ಮಾಯವಾದಳು. ಬಾಟಲಿ ತಂದು ಮುಚ್ಚಳ ತಿರುಗಿಸುತ್ತೇನೆ, ಗರಗರ ಸದ್ದು ಮಾಡುತ್ತದೆಯೇ ಹೊರತು ಬಿಚ್ಚದು. ಮಕ್ಕಳು ತೆರೆಯಬಾರದೆಂದು ಹಾಗೆ ಮಾಡಿದ್ದಾರಂತೆ. ಅನಿ ಬಂದು ಒತ್ತಿ ತಿರುಗಿಸಿ, "ತಗೋ ಅಜ್ಜಿ" ಎಂದು ಬಿಚ್ಚಿಕೊಟ್ಟ.

ಪಕ್ಕದ ತೋಟದ ಮನೆಯಲ್ಲಿ ಡೇಲ್ ಎಂಬಾತ, ಅವನ ಹೆಂಡತಿ, ತಾಯಿ ರೂಬಿ ಮತ್ತು ಅನಿಯ ವಯಸ್ಸಿನ ಮಗ. ಮಗನ ಹೆಸರು ಕೋಡಿ. ಆ ಹೆಸರನ್ನು ಮೊದಲು ಕೇಳಿದಾಗ ನಾನು ನಿಜಕ್ಕೂ ಕೆರೆ ಕೋಡಿ ಬಿದ್ದಂತೆ ನಕ್ಕೆ. ಡೇಲ್ ಒಂದು ಶನಿವಾರ ಅನಿಯನ್ನು ಆಡಲು ಕರೆದ. ಸುಮ ಫೋನಿನಲ್ಲಿ ಸಂತೋಷ, ಥ್ಯಾಂಕ್ಸ್ ಎಂದೆಲ್ಲ ಹೇಳಿ, ಆಮೇಲೆ ನಮ್ಮ ಕಡೆ ಊಟಕ್ಕೆ ಹುಣಿಸೆಹುಳಿ ಆಗುತ್ತದೆಯೇ ಎಂದು ಕೇಳುವ ಧಾಟಿಯಲ್ಲಿ ಕೇಳಿದಳು:

"ನಿಮ್ಮ ಮನೆಯಲ್ಲಿ ಬಂದೂಕು ಇದೆಯಾ? ಹೇಗೆ ಇಟ್ಟಿದ್ದೀರಿ?"

ನನಗೆ ನಾಚಿಕೆಯಾಗಿ ಹೋಯಿತು. ಫೋನ್ ಇಟ್ಟ ಕೂಡಲೆ ಅವಳನ್ನು ತರಾಟೆಗೆ ತೆಗೆದುಕೊಂಡೆ. "ಏನೇ ಹುಡುಗಿ, ಪ್ರೀತಿಯಿಂದ ಕರೆದೋರ್ನ ಹಂಗಾ ಕೇಳೋದು? ಏನಂದ್ಕಂಡಾರು?"

"ಬುಡು ಚಿಕ್ಕಮ್ಮ. ಇಲ್ಲಿ ಅದನ್ನ ಕೇಳ್ಬೇಕು. ಈಜುಕೊಳ ಐತಾ, ಕಚ್ಚೋ ನಾಯಿ ಐತಾ ಅಂತ ಕೇಳಲ್ವಾ? ಹಂಗೇ ಇದೂನು."

"ಇಲ್ಲ ಅಂದ್ನಾ?"

"ಐತೆ ಅಂದ. ಬಂದು ನೋಡಿ ಅಂದ."

ಡೇಲ್‌ನ ಕಪಾಟು

ನೋಡಲು ಹೋದೆವು. ಆರಡಿ ಎತ್ತರದ ಉಕ್ಕಿನ ಕಪಾಟು, ಅಂಕಿ ಒತ್ತಿದರೆ ಮಾತ್ರ ತೆರೆಯುವಂಥದು. ಗುಂಡುಗಳಿಗೆ ಬೇರೆಯದೇ ಪೆಟ್ಟಿಗೆ, ಬೇರೆ ಬೀಗ. ನಮ್ಮೂರ ಸಹಕಾರ ಬ್ಯಾಂಕಿನಲ್ಲೂ ಅಂಥ ಭದ್ರತೆಯಿಲ್ಲ. ಡೇಲ್ ತೆಂಗಿನಮರದಂಥ ಆಳು. ಸುಮ ಕೇಳಿದ್ದಕ್ಕೆ ಬೇಸರಪಡದೆ, ಮಗಳ ಮದುವೆಯ ಒಡವೆ ತೋರಿಸುವ ಹಾಗೆ ಒಂದೊಂದನ್ನೇ ತೋರಿಸಿದ.

"ಮಕ್ಕಳಿರೋ ಮನೆ, ಮ್ಯಾಮ್. ಬೀಗ ಹಾಕೋದು ಅಪ್ಪನ ಕೆಲಸ," ಎಂದ.

ನನಗೆ ಅವನ ಮೇಲೆ ಗೌರವ ಹುಟ್ಟಿತು. ಯಜಮಾನರಿಗೆ ವಿಡಿಯೋ ಕರೆ ಮಾಡಿ ಪರಿಚಯಿಸಿದೆ. ಇಬ್ಬರೂ ನನ್ನನ್ನು ನಡುವೆ ನಿಲ್ಲಿಸಿಕೊಂಡು ಹಂದಿಯ ಬಗ್ಗೆ ಮಾತಾಡಿದರು. ಡೇಲ್ ತನ್ನ ಕಪಾಟು ತೋರಿಸಿದಾಗ ಯಜಮಾನರು, "ಹಂದಿ ಬಂದಾಗ ಅಷ್ಟೆಲ್ಲ ನಂಬರು ಒತ್ಕಂಡು ಕೂತ್ರೆ ಅದು ಸಸೀನೆಲ್ಲ ತಿಂದು ತೇಗಿ ಹೋಗಿರುತ್ತೆ ಅಂತ ಹೇಳೇ," ಎಂದರು. ನಾನು ಅದನ್ನು ಅನುವಾದಿಸದೆ, ಕಪಾಟು ಬಹಳ ಚೆನ್ನಾಗಿದೆಯಂತೆ ಎಂದೆ.

ಊಟದ ಮೇಜಿನ ಕೆಳಗೆ

ಒಂದು ಸಂಜೆ ಅನಿ ಮೇಜಿನ ಕೆಳಗೆ ಮುದುಡಿ ಕುಳಿತಿದ್ದ. ಕಣ್ಣಾಮುಚ್ಚಾಲೆ ಎಂದುಕೊಂಡು ನಾನು ಒಂದು, ಎರಡು ಎಂದು ಎಣಿಸತೊಡಗಿದೆ.

"ಶ್! ಎಣಿಸ್ಬಾರದು ಅಜ್ಜಿ. ನಗ್ಬಾರದು. ಸ್ಕೂಲಲ್ಲಿ ಮಾಡಿಸೋ ಥರ ಲೈಟ್ ಆರಿಸಿ ಗೋಡೆ ಪಕ್ಕ ಕೂತ್ಕೋಬೇಕು. ಮಿಸ್ ಬಾಗಿಲು ಲಾಕ್ ಮಾಡ್ತಾರೆ."

"ಯಾರು ಹುಡ್ಕಕ್ಕೆ ಬರ್ತಾರೆ ಮರಿ?"

"ಗನ್ ಇರೋ ಕೆಟ್ಟೋನು." ಅನಿ ಸ್ವಲ್ಪ ಯೋಚಿಸಿ ಸೇರಿಸಿದ, "ಅವನು ಬರಲ್ಲ. ಸುಮ್ನೆ ಅಭ್ಯಾಸ."

ನಾನೂ ಮೇಜಿನ ಕೆಳಗೆ ತೂರಿದೆ. ಮಂಡಿ ನೋವು ನನಗೂ ಇದೆಯೆಂದು ಆಗ ತಿಳಿಯಿತು. ಬಾಯಿಬಡುಕರ ತರಗತಿಗಳನ್ನೇ ಕಂಡು ನಿವೃತ್ತಳಾದ ನಾನು ಇಷ್ಟು ಚೆನ್ನಾಗಿ ಸುಮ್ಮನಿರಲು ಬರುವ ಮಗುವನ್ನು ಎಂದೂ ಕಂಡಿರಲಿಲ್ಲ. ಸುಮ ಬಂದು ದೀಪ ಹಾಕುವವರೆಗೂ ಇಬ್ಬರೂ ಹಾಗೇ ಕುಳಿತಿದ್ದೆವು.

ರೂಬಿಯ ಜಗಲಿ

ಡೇಲ್‌ನ ತಾಯಿ ರೂಬಿಗೂ ನನಗೂ ಬೇಗ ಒಗ್ಗಿತು. ಅವಳು ಎಪ್ಪತ್ತು ದಾಟಿದವಳು, ಚರ್ಚಿನ ಅಡುಗೆಮನೆಯನ್ನು ಆಳುವವಳು. ಮಧ್ಯಾಹ್ನ ಅವಳ ಮನೆಯ ಜಗಲಿಯಲ್ಲಿ ಕುಳಿತು ನಾವು ಪೀಕನ್ ಸುಲಿಯುತ್ತಿದ್ದೆವು. ಮಕ್ಕಳು ಒಳಗೆ ಆಡುತ್ತಿದ್ದರು. ನನ್ನ ಕೊಬ್ಬರಿ ಮಿಠಾಯಿ ಅವಳಿಗೆ ಹಿಡಿಸಿತ್ತು. ಅವಳ ಕಡುಬಿನಂಥ ಸಿಹಿ ನನಗೆ ಹಿಡಿಸದಿದ್ದರೂ ಹಿಡಿಸಿದೆ ಎಂದಿದ್ದೆ.

ಅವತ್ತು ಅವಳು ಸೊಸೆಯ ಅಡುಗೆಯ ಬಗ್ಗೆ ಏನೋ ಹೇಳುತ್ತಿದ್ದಳು. ಈ ವಿಷಯಕ್ಕೆ ಭಾಷೆಯ ತೊಡಕೇ ಇರುವುದಿಲ್ಲ. ಜಾಲರಿಯ ಬಾಗಿಲು ತೆರೆದು ಅನಿ ಬಂದ. ಕೈಯಲ್ಲಿ ಗುಲಾಬಿ ಹಿಡಿಕೆಯ ಒಂದು ಪುಟ್ಟ ಪಿಸ್ತೂಲು.

"ಅಜ್ಜಿ, ಕೋಡಿ ಅಜ್ಜಿ ಬ್ಯಾಗಲ್ಲಿ ಆಟದ ಗನ್ ಇತ್ತು!"

ಬಣ್ಣ ನೋಡಿ ನಾನೂ ಆಟದ್ದೇ ಎಂದುಕೊಂಡೆ. ಪಕ್ಕಕ್ಕೆ ತಿರುಗಿದರೆ ರೂಬಿಯ ಮುಖ ಸುಣ್ಣವಾಗಿತ್ತು. ಅವಳ ಮಡಿಲಿನ ಬಟ್ಟಲು ಜಾರಿ ಪೀಕನ್‌ಗಳೆಲ್ಲ ಜಗಲಿಯ ಹಲಗೆಗಳ ಮೇಲೆ ಉರುಳಿದವು. ಆ ಮುಖ ನೋಡಿಯೇ ನನಗೆ ತಿಳಿಯಿತು.

ನಾನು ಕಿರುಚಲಿಲ್ಲ. ಕಿರುಚಿದ್ದರೆ ಮಗು ಬೆಚ್ಚಿ ಬೆರಳು ಬಿಗಿಯುತ್ತಿತ್ತೋ ಏನೋ. ಪರೀಕ್ಷೆಯ ಕೊಠಡಿಯಲ್ಲಿ ಬಳಸುತ್ತಿದ್ದ ದನಿ ತಾನಾಗಿ ಹೊರಬಂತು. "ಅನಿ, ಅಲ್ಲೇ ನಿಲ್ಲು. ನನ್ ಕಡೆ ತಿರುಗ್ಬೇಡ. ಅದನ್ನ ನಿಧಾನವಾಗಿ ನೆಲದ ಮೇಲೆ ಇಡು. ಹೂಂ. ಈಗ ಕೈ ಬಿಟ್ಟು ನನ್ನತ್ರ ಬಾ."

ಅವನು ಇಟ್ಟ, ಬಂದ. ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದ ಕೋಡಿಯ ಬಾಯಲ್ಲಿ ಪೆಪ್ಪರಮೆಂಟು. ಅಜ್ಜಿಯ ಕೈಚೀಲದಲ್ಲಿ ಪೆಪ್ಪರಮೆಂಟು ಇರುವುದು ಅವನಿಗೆ ಗೊತ್ತಿತ್ತು. ಅದನ್ನು ಹುಡುಕುವಾಗ ಅಡಿಯಲ್ಲಿ ಇದು ಸಿಕ್ಕಿತ್ತು. ರೂಬಿ ಎದ್ದು ಹೋಗಿ ಅದನ್ನೆತ್ತಿಕೊಂಡು ಗುಂಡುಗಳನ್ನು ಹೊರತೆಗೆದಳು. ಆ ಗುಂಡುಗಳಿಗೆ ಗುಲಾಬಿ ಬಣ್ಣ ಇರಲಿಲ್ಲ.

ಸಂಜೆ ಡೇಲ್ ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಅಷ್ಟು ಎತ್ತರದ ಮನುಷ್ಯ ಹೊಸ್ತಿಲಲ್ಲಿ ಕುಗ್ಗಿ ನಿಂತಿದ್ದ. "ನನ್ನದಕ್ಕೆಲ್ಲ ಬೀಗ ಹಾಕಿದ್ದೆ. ಅಮ್ಮನನ್ನು ಕೇಳಬೇಕು ಅಂತ ಹೊಳೆಯಲೇ ಇಲ್ಲ," ಎಂದ.

ನಮಗೂ ಹೊಳೆದಿರಲಿಲ್ಲ. ಬಂದೂಕೆಂದರೆ ಗಂಡಸಿನ ಸಾಮಾನು ಎಂದು ಗಂಡಸನ್ನು ಕೇಳಿ ಬಂದಿದ್ದೆವು. ಸುಮ ಅಳಲಿಲ್ಲ, ಕೂಗಾಡಲಿಲ್ಲ. "ಅನಿ ಇನ್ನು ನಿಮ್ಮ ಮನೆಗೆ ಬರಲ್ಲ ಡೇಲ್. ಕೋಡಿ ಯಾವಾಗ ಬೇಕಾದರೂ ಇಲ್ಲಿಗೆ ಬರಲಿ," ಎಂದಳು. ಅವನು ತಲೆಯಾಡಿಸಿ ಹೋದ. ಬಾಗಿಲು ಹಾಕಿದ ಮೇಲೆ ಅವಳು ಅನಿಯನ್ನು ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಅವನು ಅನ್ನ ಆರುತ್ತದೆ ಎಂದು ಗೊಣಗಿದ.

ರೂಬಿ ಕೆಲವು ದಿನ ಜಗಲಿಗೇ ಬರಲಿಲ್ಲ. ನಾನೇ ಮಿಠಾಯಿ ಹಿಡಿದು ಹೋದೆ.

"ನಾನು ಕೆಟ್ಟ ಅಜ್ಜಿ ಅಂತ ನಿನಗನ್ನಿಸುತ್ತೆ, ಅಲ್ವಾ?" ಎಂದಳು. "ನಾಲ್ಕು ಗಂಡುಮಕ್ಕಳನ್ನು ಸಾಕಿದವಳು ನಾನು. ಒಬ್ಬನೂ ನನ್ನ ಚೀಲ ಮುಟ್ಟಲಿಲ್ಲ."

ಈ ಮಾತನ್ನು ನಾನು ಬೇರೊಂದು ಭಾಷೆಯಲ್ಲಿ ಕೇಳಿದ್ದೆ. ನಮ್ಮಪ್ಪನ ಕಾಲ್ದಿಂದ ಅಲ್ಲೇ ಐತೆ, ಯಾರು ಮುಟ್ಟವ್ರೆ? ಹೇಳುವವರು ನಮ್ಮ ನಡುಮನೆಯ ಕುರ್ಚಿಯಲ್ಲಿ, ಬಂದೂಕಿನ ಕೆಳಗೆ ಕುಳಿತಿರುತ್ತಾರೆ, ಅಷ್ಟೇ ವ್ಯತ್ಯಾಸ. ನಾನು ಪೀಕನ್ ಬಟ್ಟಲನ್ನು ನನ್ನತ್ತ ಎಳೆದುಕೊಂಡೆ.

ಆಯುಧ ಪೂಜೆ

ಹಬ್ಬದ ದಿನ ಅಲ್ಲಿ ಬೆಳಗಾಗುವ ಹೊತ್ತಿಗೆ ಊರಲ್ಲಿ ಪೂಜೆ ಮುಗಿದು ಕತ್ತಲಾಗಿತ್ತು. ಮೊಬೈಲಿನಲ್ಲಿ ಮನೆಯವರ ಗುಂಪಿಗೆ ಒಂದರ ಹಿಂದೊಂದು ಫೋಟೋ ಬಂದಿದ್ದವು. ಜಗಲಿಯಲ್ಲಿ ಕುಳಿತು ರೂಬಿಗೆ ತೋರಿಸಿದೆ: ಚೆಂಡು ಹೂ ಮುಡಿದ ಟ್ರ್ಯಾಕ್ಟರು, ಕುಂಕುಮ ಹಚ್ಚಿಸಿಕೊಂಡ ಕುಡುಗೋಲು, ಕಾಯಿ ಸುಲಿಯುವ ಮಚ್ಚು. ಯಂತ್ರಕ್ಕೂ ಹೂವೇ ಎಂದು ಅವಳು ಬೆರಗಾದಳು.

ಮುಂದಿನದು ನಮ್ಮ ಮೊಮ್ಮಗ ಭುವನ್‌ನ ಫೋಟೋ. ತುರುವೇಕೆರೆಯಲ್ಲಿರುವ ಮಗಳು ಕಾವ್ಯ ದಸರಾ ರಜೆಗೆ ಅವನನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ನಾಲ್ಕು ವರ್ಷದವನು, ತಲೆಗೆ ಪೇಟ. ಹೂ ಸುತ್ತಿದ ನಮ್ಮ ಬಂದೂಕನ್ನು ತಾತ ಹಿಂದಿನಿಂದ ಆತು ಹಿಡಿದಿದ್ದಾರೆ, ಭುವನ್ ಎರಡು ಕೈಯಲ್ಲೂ ತಬ್ಬಿಕೊಂಡು ನಗುತ್ತಿದ್ದಾನೆ. ನಳಿಗೆ ನೇರ ನಮ್ಮ ಕಡೆಗೆ. ಕೆಳಗೆ ನೆಂಟರೆಲ್ಲ ಹುಲಿ ಮರಿ, ತಾತನ ವಾರಸುದಾರ ಎಂದು ಹೊಗಳಿದ್ದರು.

ರೂಬಿ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. "ಇದರಲ್ಲಿ ಗುಂಡು ಇದೆಯಾ?"

"ಗೊತ್ತಿಲ್ಲ," ಎಂದೆ.

"ಈ ಫೋಟೋ ತೆಗೆದವರು ಯಾರು?"

ನಾನು ಎದ್ದು ಅಂಗಳಕ್ಕೆ ಹೋಗಿ ಯಜಮಾನರಿಗೆ ವಿಡಿಯೋ ಕರೆ ಮಾಡಿದೆ. ಅವರು ಹಬ್ಬದೂಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿದ್ದರು.

"ಫೋಟೋ ನೋಡ್ದಾ? ಹೆಂಗವ್ನೆ ನೋಡು ನನ್ ಮೊಮ್ಮಗ!"

"ರೀ, ಅದ್ರೊಳಗೆ ತೋಟಾ ಇತ್ತಾ?"

"ಏ, ಇಲ್ಲ ಕಣೇ. ಪೂಜೆಗಿಟ್ಟಿದ್ದು. ಇರ್ಲಿಲ್ಲ ಅನ್ಸುತ್ತೆ."

"ಅನ್ಸುತ್ತಾ? ಈಗ್ಲೇ ಇಳಿಸಿ ನೋಡಿ. ನನ್ ಕಣ್ಮುಂದೆ."

"ನಿಂದೊಳ್ಳೆ ಗೋಳಾಯ್ತಲ್ಲ. ಹೊತ್ತಾರೆ ನೋಡಿದ್ರಾಯ್ತು ಬುಡು."

"ಈಗ," ಎಂದೆ. ಪರೀಕ್ಷೆ ಕೊಠಡಿಯ ದನಿ ಅವರ ಮೇಲೆ ಎಂದೂ ಬಳಸಿರಲಿಲ್ಲ.

ಗೊಣಗುತ್ತ ಮೊಬೈಲನ್ನು ಕಾವ್ಯಳ ಕೈಗೆ ಕೊಟ್ಟು ಬಂದೂಕು ಇಳಿಸಿದರು. ಸುತ್ತಿದ್ದ ಹೂವನ್ನು ಸರಿಸಿ, ನಳಿಗೆಯನ್ನು ಗೋಡೆಯ ಕಡೆ ತಿರುಗಿಸಿ, ಅದರ ಕತ್ತು ಬಗ್ಗಿಸಿ ತೆರೆದರು. ಒಳಗೆ ತೋಟಾದ ಹಿತ್ತಾಳೆಯ ದುಂಡುಮುಖವೊಂದು ದೀಪಕ್ಕೆ ಹೊಳೆಯಿತು.

ಯಜಮಾನರ ದವಡೆ ನಿಂತುಹೋಗಿತ್ತು. ಹಂದಿ ಬಂದಿದೆ ಎಂದು ಹಿಂದಿನ ದಿನ ತುಂಬಿದ್ದಂತೆ. ಹಂದಿ ಬರಲಿಲ್ಲ, ತೆಗೆಯುವುದು ಮರೆತುಹೋಯಿತಂತೆ. ಇದನ್ನು ಅವರು ಹೇಳಿದ್ದು ಆಮೇಲೆ. ಆಗ ಮಾತಾಡಿದ್ದು ಕಾವ್ಯ ಒಬ್ಬಳೇ.

"ಅಪ್ಪಾ, ಫೋಟೋ ತೆಗೆದಿದ್ದು ನಾನು."

ಮೊಬೈಲ್ ಹಿಡಿದೇ ಅವಳು ಒಳಗೆ ನಡೆದಳು. ಮೊದಲು ಗೋಡೆ ಕಂಡಿತು, ಆಮೇಲೆ ನೆಲ, ಆಮೇಲೆ ಕೋಣೆಯ ಚಾಪೆಯ ಮೇಲೆ ಪೇಟ ತೆಗೆಯದೆ ಮಲಗಿ ನಿದ್ದೆಹೋಗಿದ್ದ ಭುವನ್. ಅಲ್ಲಿಗೆ ಕರೆ ಕಡಿದುಹೋಯಿತು. ನಾನು ರೂಬಿಯ ಅಂಗಳದಲ್ಲಿ ನಿಂತೇ ಇದ್ದೆ. ಅವಳು ಬಂದು ನನ್ನ ಮೊಣಕೈ ಹಿಡಿದು ಕುರ್ಚಿಗೆ ಕೂರಿಸಿದಳು.

ಪೊಲೀಸ್ ಸ್ಟೇಷನ್

ಈ ಕೊನೆಯ ತಾಣಕ್ಕೆ ನಾನು ಹೋಗಲಿಲ್ಲ, ಯಜಮಾನರು ಹೋದರು. ಕಾವ್ಯ ಬೆಳಗಾಗುತ್ತಲೇ ಹೇಳಿದ್ದಳಂತೆ: "ಬಂದೂಕಿರಬೇಕು ಇಲ್ಲ ಮೊಮ್ಮಗ ಇರಬೇಕು ಈ ಮನೇಲಿ. ಯೋಚ್ನೆ ಮಾಡಪ್ಪ." ಹಂದಿಯೇನು ತಿನ್ನುತ್ತದೆ, ಊರವರೇನು ಅನ್ನುತ್ತಾರೆ ಎಂದು ಅವರು ಒಂದು ದಿನ ಕೊಸರಾಡಿದರು. ಅವಳು ಬ್ಯಾಗಿಗೆ ಬಟ್ಟೆ ತುಂಬತೊಡಗಿದ ಮೇಲೆ ಬಂದೂಕನ್ನು ಪಂಚೆಯಲ್ಲಿ ಸುತ್ತಿಕೊಂಡು, ಲೈಸೆನ್ಸ್ ಹಿಡಿದು, ಜಡಿಮಳೆಯಲ್ಲಿ ಸ್ಟೇಷನ್ನಿಗೆ ಹೋದರು. ಆ ಕಥೆಯನ್ನು ಅವರೇ ಫೋನಿನಲ್ಲಿ ಹೇಳಿದರು. ದನಿಯಲ್ಲಿ ಇನ್ನೂ ಮುನಿಸು ಇತ್ತು.

"ಅಲ್ಲಿ ಕುಂತಿದ್ದೋನು ಕೇಳ್ದ, ಯಾವ್ದೂ ಎಲೆಕ್ಷನ್ ಇಲ್ವಲ್ಲ ಯಜಮಾನ್ರೇ, ಯಾಕೆ ತಂದ್ರಿ ಅಂತ."

ನಮ್ಮ ಕಡೆ ಚುನಾವಣೆ ಬಂದಾಗ ಲೈಸೆನ್ಸಿನ ಬಂದೂಕುಗಳನ್ನು ಸ್ಟೇಷನ್ನಿಗೆ ಒಪ್ಪಿಸಬೇಕು. ಓಟು ಹಾಕುವ ದೊಡ್ಡವರಿಂದ ಅಪಾಯವೆಂದು ಸರ್ಕಾರಕ್ಕೆ ಗೊತ್ತಿದೆ. ಮಕ್ಕಳಿಗೆ ಓಟಿಲ್ಲ.

"ನೀವೇನಂದ್ರಿ?"

"ಎಲೆಕ್ಷನ್ ಅಲ್ಲ ಸ್ವಾಮಿ, ಮೊಮ್ಮಗ ಬಂದವ್ನೆ ಅಂದೆ. ನಗ್ತಾನೆ ಅಂದ್ಕಂಡೆ. ನಗ್ಲಿಲ್ಲ ಕಣೇ. ನಮ್ಮನೇಲೂ ಎರಡು ಮಕ್ಳವೆ, ಕೊಡಿ ಇತ್ಲಾಗೆ ಅಂದ. ಸಾಹೇಬ್ರನ್ನ ಕೇಳಿ ರಸೀತಿ ಕೊಟ್ಟ."

"ಒಳ್ಳೇದಾಯ್ತು."

"ಏನೊಳ್ಳೇದು? ಹೊರಗ್ ಬಂದು ಕೈ ಬೀಸ್ಕಂಡು ನಡೀತಿದ್ರೆ ಹಗುರ ಅನ್ನುಸ್ತು. ಬಂದೂಕ ಇಲ್ದಿದ್ರೆ ಇಷ್ಟು ಹಗುರಾನಾ ಅಂದ್ಕಂಡೆ. ಬಸ್ ಸ್ಟ್ಯಾಂಡ್‌ಗೆ ಬರಗಂಟ ನೆಂದು ತೊಪ್ಪೆಯಾದ್ಮೇಲೆ ಗೊತ್ತಾಯ್ತು, ಛತ್ರೀನೂ ಅಲ್ಲೇ ಬಿಟ್ಬಂದಿದ್ದೆ."

"ಆಮೇಲೆ?"

"ವಾಪಸ್ ಹೋದೆ. ಬಾಗ್ಲಲ್ಲಿ ನನ್ನ ನೋಡಿದ್ದೇ ಅವ್ನು ಎದ್ದು ನಿಂತ್ಕಂಡು, ಆಗಲ್ಲ ಯಜಮಾನ್ರೇ, ಹುಡುಗ ರಜ ಮುಗಿಸ್ಕಂಡು ಹೋಗೋಗಂಟ ಕೊಡಲ್ಲ ಅಂದ."

"ನೀವೇನಂದ್ರಿ?"

ಯಜಮಾನರು ಆ ಕಡೆ ಒಂದು ಸೀನು ಸೀನಿದರು.

"ಅವ್ನು ಹೋದ್ಮೇಲೂ ಅಲ್ಲೇ ಇರ್ಲಿ ಬುಡಪ್ಪ, ಛತ್ರಿ ಕೊಡು ಸಾಕು ಅಂದೆ."